ಕಣ್ಣಿಲ್ಲದ ಬಲಶಾಲಿ

ಕೋಲಾರದಿಂದ ಮುಳಬಾಗಿಲಿನ ಕಡೆಗೆ ಹೆದ್ದಾರಿಯಲ್ಲಿ ಹೋದರೆ ಲಾರಿ ರಿಪೇರಿಯ ಶೆಡ್ಡುಗಳು ಕಾಣುತ್ತವೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬರುವ ಮೊದಲೇ ಟ್ರ್ಯಾಕ್ಟರು, ಟ್ರೈಲರುಗಳನ್ನು ಸರಿಮಾಡಿಸಿಕೊಳ್ಳಬೇಕು. ಮಾಲೂರಿನ ಹೆಂಚು, ಇಟ್ಟಿಗೆ ಕಾರ್ಖಾನೆಗಳಲ್ಲಿ ಯಂತ್ರದ ಬೇರಿಂಗ್ ಸವೆದರೆ ಲೇತ್ ಅಂಗಡಿಗೆ ಓಡಬೇಕು. ಕೋಲಾರದ ಟೊಮೆಟೊ ಮಂಡಿಗೆ ಹಗಲೂ ರಾತ್ರಿ ಓಡಾಡುವ ಗಾಡಿಗಳದ್ದೂ ಇದೇ ಕಥೆ.

ಇಂಥ ಶೆಡ್ಡುಗಳ ಮೂಲೆಯಲ್ಲಿ ಆಳೆತ್ತರದ ಒಂದು ಕಬ್ಬಿಣದ ಚೌಕಟ್ಟು ನಿಂತಿರುತ್ತದೆ. ಬಾಗಿಲಿಲ್ಲದ ಬಾಗಿಲುವಾಡದ ಹಾಗೆ. ಮೇಲುಗಡೆ ಒಂದು ದುಂಡನೆಯ ಸಿಲಿಂಡರ್, ನಡುವೆ ದಪ್ಪ ಕಬ್ಬಿಣದ ಹಲಗೆ, ಪಕ್ಕದಲ್ಲಿ ಕೈಯಿಂದ ಒತ್ತುವ ಹಿಡಿ. ಇದೇ ಹೈಡ್ರಾಲಿಕ್ ಪ್ರೆಸ್. ಸುತ್ತಿಗೆಯ ಹಾಗೆ ಸದ್ದು ಮಾಡುವುದಿಲ್ಲ, ವೆಲ್ಡಿಂಗಿನ ಹಾಗೆ ಕಿಡಿ ಹಾರಿಸುವುದಿಲ್ಲ. ಆದ್ದರಿಂದಲೇ ಅದರ ಬಗ್ಗೆ ಯಾರಿಗೂ ಭಯವಿರುವುದಿಲ್ಲ.

ಮಕ್ಕಳೇ, ನಿಮ್ಮ ತಾತನೋ ಅಜ್ಜಿಯೋ ಮಹಾಭಾರತದ ಒಂದು ಪ್ರಸಂಗವನ್ನು ನಿಮಗೆ ಹೇಳಿರಬಹುದು. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ ಭೀಮನನ್ನು ಅಪ್ಪಿಕೊಳ್ಳಬೇಕು ಎನ್ನುತ್ತಾನೆ. ಕೃಷ್ಣನಿಗೆ ಅವನ ಮನಸ್ಸು ಗೊತ್ತು. ಭೀಮನನ್ನು ಹಿಂದಕ್ಕೆ ಸರಿಸಿ, ಕಬ್ಬಿಣದ ಪ್ರತಿಮೆಯನ್ನು ಮುಂದಕ್ಕೆ ತಳ್ಳುತ್ತಾನೆ. ಕುರುಡು ದೊರೆ ಅದನ್ನೇ ಭೀಮನೆಂದು ತಿಳಿದು ಅಪ್ಪಿ ಪುಡಿಪುಡಿ ಮಾಡುತ್ತಾನೆ. ಧೃತರಾಷ್ಟ್ರಾಲಿಂಗನ ಎಂಬ ಮಾತು ಬಂದದ್ದು ಹೀಗೆ. ನಮ್ಮ ಪ್ರೆಸ್ಸಿಗೂ ಅದೇ ಬಲ, ಅದೇ ಕುರುಡು. ತನ್ನ ಕೆಳಗಿರುವುದು ಆಕ್ಸಲೋ ಬೆರಳೋ ಅದಕ್ಕೆ ತಿಳಿಯದು. ಕೃಷ್ಣನ ಕೆಲಸವನ್ನು ಹಿಡಿ ಒತ್ತುವವನೇ ಮಾಡಬೇಕು.

ಸುತ್ತಿಗೆ ಇರುವಾಗ ಪ್ರೆಸ್ ಯಾಕೆ?

ಬ್ಯಾಂಕಿನಲ್ಲಿ ಲೆಕ್ಕ ಬರೆದುಕೊಂಡು ಬಂದ ನನಗೆ ಯಂತ್ರದ ಓದಿಲ್ಲ. ಆದರೆ ಸಣ್ಣ ಕೈಗಾರಿಕೆಗಳಿಗೆ ಕೊಟ್ಟ ಸಾಲದ ಯಂತ್ರಗಳನ್ನು ನೋಡಿ ಬರಲು ಫೀಲ್ಡ್ ಆಫೀಸರ ಜೊತೆ ಹೋಗುತ್ತಿದ್ದೆ. ಮೇಸ್ತ್ರಿಗಳ ಬಾಯಿಂದ ಕೇಳಿ ಕಲಿತದ್ದು ಬಹಳ.

ಚಕ್ರ ಸಲೀಸಾಗಿ ತಿರುಗಲು ಬೇರಿಂಗ್ ಬೇಕು. ಎರಡು ಉಕ್ಕಿನ ಬಳೆಗಳು, ನಡುವೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳು, ಅಷ್ಟೇ ಬೇರಿಂಗ್. ಇದು ಆಕ್ಸಲಿಗೆ ಬಹಳ ಬಿಗಿಯಾಗಿ ಕೂತಿರುತ್ತದೆ. ಸುತ್ತಿಗೆಯಿಂದ ಬಡಿದರೆ ಒಂದು ಪಕ್ಕ ಮಾತ್ರ ಕದಲಿ ಓರೆಯಾಗುತ್ತದೆ, ಗುಂಡುಗಳು ಕೂರುವ ದಾರಿಯಲ್ಲಿ ತಗ್ಗು ಬೀಳುತ್ತದೆ. ಪ್ರೆಸ್ಸು ಸುತ್ತಲೂ ಸಮನಾಗಿ, ನಿಧಾನವಾಗಿ ತಳ್ಳುತ್ತದೆ.

ಇಲ್ಲಿ ಮೇಸ್ತ್ರಿಗಳು ಒಂದು ನಿಯಮ ಹೇಳುತ್ತಾರೆ. ಆಕ್ಸಲಿನ ಮೇಲೆ ಬೇರಿಂಗ್ ಕೂರಿಸುವಾಗ ಒಳಬಳೆಯನ್ನು ಒತ್ತಬೇಕು. ಗೂಡಿನೊಳಗೆ ಕೂರಿಸುವಾಗ ಹೊರಬಳೆಯನ್ನು ಒತ್ತಬೇಕು. ಅಂದರೆ ಯಾವ ಬಳೆ ಬಿಗಿಯಾಗಿ ಕೂರಬೇಕೋ ಅದನ್ನೇ ಒತ್ತಬೇಕು. ತಪ್ಪಾದ ಬಳೆಯನ್ನು ಒತ್ತಿದರೆ ಬಲವೆಲ್ಲ ನಡುವಿನ ಗುಂಡುಗಳ ಮೇಲೆ ಬಿದ್ದು ಹೊಸ ಬೇರಿಂಗು ಕೂರಿಸುವಾಗಲೇ ಕೆಡುತ್ತದೆ.

ಪಾಸ್ಕಲನ ಲೆಕ್ಕ

ಈ ಯಂತ್ರದ ಹಿಂದಿರುವ ತತ್ವವನ್ನು ಕೊಟ್ಟವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಹುಟ್ಟಿದ್ದು 1623ರಲ್ಲಿ. ಅವನ ತಂದೆ ತೆರಿಗೆ ಲೆಕ್ಕದ ಅಧಿಕಾರಿ. ತಂದೆ ಕೂಡಿ ಕಳೆದು ದಣಿಯುವುದನ್ನು ನೋಡಿ, 1642ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೇ ಕೂಡುವ ಯಂತ್ರವೊಂದನ್ನು ಮಾಡಲು ಹೊರಟ ಹುಡುಗ ಅವನು. ಬದುಕಿದ್ದು 39 ವರ್ಷ ಮಾತ್ರ. ದ್ರವಗಳ ಬಗ್ಗೆ ಅವನು ಬರೆದ ಪುಸ್ತಕ ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಅಚ್ಚಾಯಿತು.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದೇ ಪಾಸ್ಕಲನ ನಿಯಮ. ಕೇಳಲು ಸಣ್ಣ ಮಾತು. ಲೆಕ್ಕ ಹಾಕಿದರೆ ಬೆರಗಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪಂಪಿನ ಸಣ್ಣ ಪಿಸ್ಟನಿನ ವಿಸ್ತೀರ್ಣ 1 ಚದರ ಸೆಂಟಿಮೀಟರ್. ಮೇಲಿನ ದೊಡ್ಡ ಪಿಸ್ಟನಿನದು 50 ಚದರ ಸೆಂಟಿಮೀಟರ್. ಪಂಪಿನ ಹಿಡಿ ನಮ್ಮ ಕೈಬಲವನ್ನು ಹತ್ತು ಪಟ್ಟು ಮಾಡುವ ಸನ್ನೆಗೋಲು. ನೀವು 20 ಕೆಜಿಯಷ್ಟು ಬಲದಿಂದ ಹಿಡಿ ಒತ್ತಿದರೆ ಸಣ್ಣ ಪಿಸ್ಟನಿನ ಮೇಲೆ ಬೀಳುವುದು 200 ಕೆಜಿ. ದೊಡ್ಡ ಪಿಸ್ಟನಿನ ಪ್ರತಿಯೊಂದು ಚದರ ಸೆಂಟಿಮೀಟರಿಗೂ ಅಷ್ಟೇ ಒತ್ತಡ ತಲುಪುತ್ತದೆ. 200ನ್ನು 50ರಿಂದ ಗುಣಿಸಿ. 10,000 ಕೆಜಿ, ಅಂದರೆ 10 ಟನ್!

ಗ್ಯಾರೇಜುಗಳಲ್ಲಿ 20 ಟನ್ನಿನ ಪ್ರೆಸ್ಸೂ ಸಾಮಾನ್ಯ. ನಮ್ಮ ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಒಂದಕ್ಕೆ 15 ಕೆಜಿ ಎಂದು ಲೆಕ್ಕ. 20 ಟನ್ ಎಂದರೆ ಅಂಥ 1,333 ಬಾಕ್ಸುಗಳ ಭಾರ. ಅಷ್ಟೂ ಭಾರ ಒಂದು ಮುಷ್ಟಿ ದಪ್ಪದ ಉಕ್ಕಿನ ದಂಡದ ತುದಿಯಲ್ಲಿ ಕೂತಿರುತ್ತದೆ ಎಂದು ಊಹಿಸಿಕೊಳ್ಳಿ.

ಬಲ ಪುಕ್ಕಟೆ ಬಂತೇ? ಇಲ್ಲ. ಜಮಾ ಇದ್ದ ಕಡೆ ಖರ್ಚೂ ಇರಬೇಕು. ಒಂದು ಸಲ ಹಿಡಿ ಒತ್ತಿದಾಗ ನಿಮ್ಮ ಕೈ 20 ಸೆಂಟಿಮೀಟರ್ ಇಳಿಯುತ್ತದೆ, ಸಣ್ಣ ಪಿಸ್ಟನ್ 2 ಸೆಂಟಿಮೀಟರ್ ಚಲಿಸುತ್ತದೆ, ದೊಡ್ಡ ಪಿಸ್ಟನ್ ಮುಂದೆ ಹೋಗುವುದು 0.4 ಮಿಲಿಮೀಟರ್ ಮಾತ್ರ. ಬಲ 500 ಪಟ್ಟು ಹೆಚ್ಚಿತು, ದೂರ 500 ಪಟ್ಟು ಕಡಿಮೆಯಾಯಿತು. ಲೆಕ್ಕ ಸರಿಹೋಯಿತು. ಪ್ರೆಸ್ಸಿನ ಅಪಾಯವೂ ಇಲ್ಲೇ ಇದೆ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕದಲುವ ವಸ್ತುವನ್ನು ನೋಡಿ ನಾವು ಮೈಮರೆಯುತ್ತೇವೆ.

ಬೀಗ ಮಾಡುವವನ ಯಂತ್ರ

ಪಾಸ್ಕಲನ ತತ್ವ ಯಂತ್ರವಾಗಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಈತ ಬೀಗಗಳಿಗೂ ಹೆಸರುವಾಸಿ. ಲಂಡನ್ನಿನ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಇದನ್ನು ಕೀಲಿಯಿಲ್ಲದೆ ತೆಗೆದವರಿಗೆ 200 ಗಿನಿ ಬಹುಮಾನ ಎಂದು ಸವಾಲು ಹಾಕಿದ್ದ. ದಶಕಗಳ ಕಾಲ ಯಾರಿಗೂ ಆಗಲಿಲ್ಲ. ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, 1851ರಲ್ಲಿ, ಹಾಬ್ಸ್ ಎಂಬ ಅಮೆರಿಕನ್ನ ಹಲವು ದಿನ ಕೂತು ಅದನ್ನು ತೆಗೆದ.

ಪ್ರೆಸ್ಸಿನಲ್ಲಿ ಬ್ರಾಮಾನನ್ನು ಕಾಡಿದ್ದು ಸೋರಿಕೆ. ಪಿಸ್ಟನಿನ ಪಕ್ಕದಿಂದ ನೀರು ಚಿಮ್ಮುತ್ತಿತ್ತು. ಬಿಗಿ ಮಾಡಿದರೆ ಪಿಸ್ಟನ್ನೇ ಕದಲದು. ಅವನ ಬಳಿ ಕೆಲಸ ಮಾಡುತ್ತಿದ್ದ ಹೆನ್ರಿ ಮಾಡ್‌ಸ್ಲೆ ಇದಕ್ಕೆ ಉಪಾಯ ಕಂಡುಹಿಡಿದನಂತೆ. ಬಟ್ಟಲಿನ ಹಾಗೆ ಮಡಿಸಿದ ಚರ್ಮದ ಬಳೆ. ಒತ್ತಡ ಹೆಚ್ಚಿದಷ್ಟೂ ಅದು ಅಗಲವಾಗಿ ತಾನೇ ಬಿಗಿಯಾಗುತ್ತದೆ, ಒತ್ತಡ ಬಿಟ್ಟರೆ ಸಡಿಲವಾಗುತ್ತದೆ. ಇವತ್ತು ಚರ್ಮದ ಬದಲು ರಬ್ಬರಿನಂಥ ವಸ್ತು ಬಂದಿದೆ. ಮೇಸ್ತ್ರಿಗಳು ಆಯಿಲ್ ಸೀಲ್ ಎನ್ನುವುದು ಇದನ್ನೇ.

ನೀರಿನ ಜಾಗಕ್ಕೆ ಈಗ ಎಣ್ಣೆ ಬಂದಿದೆ. ಎಣ್ಣೆ ತುಕ್ಕು ಹಿಡಿಸುವುದಿಲ್ಲ, ಒಳಗಿನ ಭಾಗಗಳಿಗೆ ಜಿಡ್ಡನ್ನೂ ಒದಗಿಸುತ್ತದೆ. ಪಂಕ್ಚರ್ ಅಂಗಡಿಯ ಜಾಕು, ಕೆರೆಯ ಹೂಳೆತ್ತುವ ಜೆಸಿಬಿಯ ತೋಳು, ಟ್ರ್ಯಾಕ್ಟರು ನೇಗಿಲೆತ್ತುವ ಬಗೆ ಎಲ್ಲವೂ ಇದೇ ಕುಟುಂಬ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಸಂಸ್ಥೆ ನಮ್ಮ ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ತಯಾರಿಸುವ ಬುಲ್ಡೋಜರುಗಳು ಮಣ್ಣು ನೂಕುವ ಅಲಗನ್ನು ಎತ್ತಿ ಇಳಿಸುವುದೂ ಹೀಗೆಯೇ.

ಅಪಾಯ ಬರುವುದು ಮೂರು ದಾರಿಯಲ್ಲಿ

ನಾನು ಕೌಂಟರಿನಲ್ಲಿ ಕೂತಿದ್ದ ದಿನಗಳಲ್ಲಿ ಸಹಿ ಬಾರದವರು ಹೆಬ್ಬೆಟ್ಟು ಒತ್ತಿ ಹಣ ತೆಗೆಯುತ್ತಿದ್ದರು. ಒಮ್ಮೆ ಒಬ್ಬ ಗ್ಯಾರೇಜ್ ಕೆಲಸಗಾರ ಎಡಗೈ ಮುಂದೆ ಮಾಡಿ ಸುಮ್ಮನೆ ನಿಂತ. ಹೆಬ್ಬೆರಳೇ ಇರಲಿಲ್ಲ. ಬೇರೆ ಬೆರಳಿನ ಗುರುತು ತೆಗೆದುಕೊಂಡು, ಸಾಕ್ಷಿ ಹಾಕಿಸಿ ಹಣ ಕೊಟ್ಟೆವು. ಬ್ಯಾಂಕಿನ ಮಟ್ಟಿಗೆ ಅದಕ್ಕೆ ದಾರಿಯಿತ್ತು. ಸ್ಪ್ಯಾನರ್ ಹಿಡಿಯಲು, ತುತ್ತು ಕಲಸಲು, ಮಗುವಿನ ಅಂಗಿಗೆ ಗುಂಡಿ ಹಾಕಲು ಬೇರೆ ಬೆರಳು ಸಾಲದು.

ಮೊದಲನೆಯ ಅಪಾಯ ಜಾರುವುದು. ವಸ್ತು ನಡುಮಧ್ಯದಲ್ಲಿ ಇರದೆ ಓರೆಯಾಗಿದ್ದರೆ, ಒತ್ತಡ ಏರಿದಂತೆ ಅದು ಪಕ್ಕಕ್ಕೆ ಸಿಡಿಯುತ್ತದೆ. ಬೆರಳಿಂದ ಹಿಡಿದು ನೆಟ್ಟಗೆ ಮಾಡಲು ಹೋದವರ ಗತಿ ಹೇಳಬೇಕಾಗಿಲ್ಲ.

ಎರಡನೆಯದು ಒಡೆಯುವುದು. ಬೇರಿಂಗಿನ ಬಳೆ ಬಹಳ ಗಟ್ಟಿ ಉಕ್ಕು. ಗಟ್ಟಿಯಾದದ್ದು ಬಾಗುವುದಿಲ್ಲ, ಗಾಜಿನ ಹಾಗೆ ಚೂರಾಗಿ ಹಾರುತ್ತದೆ. ಬೀಡುಕಬ್ಬಿಣದ ಭಾಗಗಳೂ ಹಾಗೆಯೇ ಇದ್ದಕ್ಕಿದ್ದಂತೆ ಸೀಳುತ್ತವೆ.

ಮೂರನೆಯದು ಬಹಳ ಜನರಿಗೆ ತಿಳಿಯದ್ದು, ಎಣ್ಣೆಯ ಚಿಮ್ಮು. ಕಾರಿನ ಟೈರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 2 ಕೆಜಿ ಒತ್ತಡ ಇರುತ್ತದೆ. ನಾವು ಲೆಕ್ಕ ಹಾಕಿದ ಪ್ರೆಸ್ಸಿನೊಳಗೆ 200 ಕೆಜಿ, ಅಂದರೆ ನೂರು ಪಟ್ಟು. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಅಲ್ಲಿಂದ ಹೊರಡುವ ಎಣ್ಣೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಕಾಣುವುದು ಇರುವೆ ಕಚ್ಚಿದಂಥ ಚುಕ್ಕೆ. ನೋವೂ ಮೊದಲಿಗೆ ಹೆಚ್ಚಿರದು. ಒಳಗೆ ಮಾತ್ರ ಮಾಂಸ ಕೊಳೆಯಲು ತೊಡಗಿ ಬೆರಳು, ಕೈ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಆದ್ದರಿಂದ ಸೋರಿಕೆಯನ್ನು ಕೈಯಿಂದ ಸವರಿ ಹುಡುಕಲೇಬಾರದು. ಮೊದಲು ಒತ್ತಡ ಬಿಡಬೇಕು. ನೋಡಲೇಬೇಕೆಂದರೆ ರಟ್ಟಿನ ತುಂಡು ಹಿಡಿದು ನೋಡಬೇಕು. ಎಣ್ಣೆ ಚುಚ್ಚಿದೆ ಎಂಬ ಅನುಮಾನ ಬಂದರೂ ಸಾಕು, ಅರಿಶಿನ ಹಚ್ಚಿ ನಾಳೆ ನೋಡೋಣ ಎನ್ನದೆ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಪ್ರೆಸ್ಸಿನ ಎಣ್ಣೆ ಒಳಗೆ ಹೋಗಿದೆ ಎಂದು ಬಾಯಿಬಿಟ್ಟು ಹೇಳಬೇಕು.

ಒತ್ತುವ ಮೊದಲು, ಒತ್ತುವಾಗ

ಬ್ಯಾಂಕಿನ ತಿಜೋರಿಗೆ ಎರಡು ಕೀಲಿ. ಇಬ್ಬರು ಅಧಿಕೃತರು ಬಂದರೆ ಮಾತ್ರ ಬಾಗಿಲು ತೆಗೆಯುತ್ತದೆ. ಪ್ರೆಸ್ಸಿನ ಹಲಗೆಯನ್ನೂ ಚೌಕಟ್ಟಿನ ತೂತುಗಳಲ್ಲಿ ತೂರಿಸಿದ ಪಿನ್ನುಗಳು ಹೊರುತ್ತವೆ. ಎರಡೂ ಪಿನ್ನು ಆಚೆ ಈಚೆ ಪೂರ್ತಿ ಹೊಕ್ಕಿರಬೇಕು. ಕಳೆದುಹೋದ ಪಿನ್ನಿನ ಬದಲು ಬೋಲ್ಟನ್ನೋ ಸಲಾಕೆಯನ್ನೋ ತೂರಿಸಬಾರದು. ಹಲಗೆಯನ್ನು ಎತ್ತಿ ಇಳಿಸುವ ಉಕ್ಕಿನ ಹಗ್ಗವಿದ್ದರೆ, ಒತ್ತುವ ಮೊದಲು ಅದು ಸಡಿಲವಾಗಿರಬೇಕು. ಭಾರ ಹಗ್ಗದ ಮೇಲೆ ಬಿದ್ದರೆ ಅದು ಕಡಿದು ಚಾಟಿಯಂತೆ ಬೀಸುತ್ತದೆ.

ವಸ್ತುವಿನ ಕೆಳಗೆ ದಪ್ಪ ಉಕ್ಕಿನ ದಿಮ್ಮಿಗಳನ್ನು ಎರಡೂ ಕಡೆ ಸಮನಾಗಿ ಇಡಬೇಕು. ಮರದ ತುಂಡು, ಇಟ್ಟಿಗೆ, ಹಳೇ ಬೇರಿಂಗ್ ಇಟ್ಟು ಎತ್ತರ ಸರಿಮಾಡುವುದು ಬೇಡ. ಕಣ್ಣಿಗೆ ಕನ್ನಡಕ, ಅದೂ ಕೆಲಸಕ್ಕೆಂದೇ ಮಾಡಿದ ರಕ್ಷಣೆಯ ಕನ್ನಡಕ. ಬೇರಿಂಗ್ ಒತ್ತುವಾಗ ಮುಂದೆ ಉಕ್ಕಿನ ಜಾಲರಿಯ ತಡೆ ಇರಬೇಕು. ನಿಲ್ಲುವುದು ಪಕ್ಕದಲ್ಲಿ, ಎದುರಿಗಲ್ಲ. ನೋಡಲು ಬಂದವರನ್ನು, ಮುಖ್ಯವಾಗಿ ಮಕ್ಕಳನ್ನು, ದೂರ ನಿಲ್ಲಿಸಬೇಕು.

ಒತ್ತುವಾಗ ಕಣ್ಣು ಎರಡು ಕಡೆ ಇರಲಿ, ವಸ್ತುವಿನ ಮೇಲೆ ಮತ್ತು ಗೇಜಿನ ಸೂಜಿಯ ಮೇಲೆ. ಸೂಜಿ ಏರುತ್ತಿದೆ, ವಸ್ತು ಕದಲುತ್ತಿಲ್ಲ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಒಳಗೆಲ್ಲೋ ತೆಗೆಯಲು ಮರೆತ ಒಂದು ಸರ್ಕ್ಲಿಪ್ ಅಥವಾ ಲಾಕ್ ಪಿನ್ ತಡೆದಿರಬಹುದು. ಒತ್ತಡ ಬಿಟ್ಟು, ಹೊರಗೆ ತೆಗೆದು, ಮತ್ತೊಮ್ಮೆ ನೋಡಬೇಕು. ಹಿಡಿಗೆ ಉದ್ದ ಪೈಪು ಸಿಕ್ಕಿಸಿ ಜಗ್ಗುವುದು ಬಹಳ ಕಡೆ ಇದೆ. 20 ಟನ್ನಿನ ಪ್ರೆಸ್ಸು 20 ಟನ್ನಿಗೇ. ಖಾತೆಯಲ್ಲಿ ಇಲ್ಲದ ಹಣಕ್ಕೆ ಚೆಕ್ ಬರೆದರೆ ಹಿಂದಿರುಗಿ ಬರುವುದು ಚೆಕ್ಕು. ಇಲ್ಲಿ ಹಿಂದಿರುಗುವುದು ಉಕ್ಕಿನ ಚೂರು.

ಮೊಳೆಗೆ ತೂಗುಹಾಕಿದ ಒಂದು ನೋಟ್‌ಬುಕ್

ಪ್ರೆಸ್ಸಿನ ಆರೈಕೆಗೆ ದುಬಾರಿ ಸಾಮಾನು ಬೇಡ. ಪಕ್ಕದ ಗೋಡೆಯ ಮೊಳೆಗೆ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ನು ಸಾಕು. ತಾರೀಖು, ನೋಡಿದ್ದೇನು, ಸಹಿ.

ದಿನಾ ಬೆಳಿಗ್ಗೆ ನೋಡಬೇಕಾದ್ದು ಎಣ್ಣೆ ಸೋರಿದ ಗುರುತು, ಪೈಪಿನ ಉಬ್ಬು, ಪಿನ್ನು, ಸಡಿಲ ಬೋಲ್ಟು. ಹೊರಗೆ ಬರುವ ಉಕ್ಕಿನ ದಂಡವನ್ನು ಒಣಬಟ್ಟೆಯಿಂದ ಒರೆಸಬೇಕು. ಅದಕ್ಕೆ ಅಂಟಿದ ಮರಳಿನ ಒಂದು ಕಣ ಸಾಕು, ಸೀಲನ್ನು ಗೀರಲು. ನಮ್ಮ ಜಿಲ್ಲೆಯ ಬೇಸಿಗೆಯ ಧೂಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ತಿಂಗಳಿಗೊಮ್ಮೆ ಚೌಕಟ್ಟಿನ ವೆಲ್ಡಿಂಗ್ ಜಾಗಗಳಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ, ಪಿನ್ನು ಬಾಗಿದೆಯೇ, ಹಲಗೆ ಸೊಟ್ಟಗಾಗಿದೆಯೇ ನೋಡಬೇಕು. ಇದ್ದರೆ ಪ್ರೆಸ್ಸನ್ನು ನಿಲ್ಲಿಸಿ, ತಯಾರಕರನ್ನೋ ತಿಳಿದವರನ್ನೋ ಕೇಳಬೇಕು. ತಾವೇ ಒಂದು ಗೆರೆ ವೆಲ್ಡಿಂಗ್ ಎಳೆದು ಮುಂದುವರಿಸಬಾರದು. ಎಣ್ಣೆಯ ಮಟ್ಟವನ್ನು ದಂಡ ಪೂರ್ತಿ ಒಳಗೆ ಹೋಗಿರುವಾಗ ನೋಡಬೇಕು. ಹೊರಗಿರುವಾಗ ತುಂಬಿದರೆ, ಒಳಗೆ ಬಂದಾಗ ಹೆಚ್ಚಾದ ಎಣ್ಣೆ ಉಕ್ಕುತ್ತದೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಬೇಕು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಸೀಲು ಉಬ್ಬಿ ಹಾಳಾಗುತ್ತದೆ.

ಹಿಡಿ ಒತ್ತಿದರೆ ಹಲ್ವ ಒತ್ತಿದ ಹಾಗೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸಾಮಾನ್ಯವಾಗಿ ಒತ್ತಡ ಬಿಡುವ ವಾಲ್ವನ್ನು ಸಡಿಲಿಸಿ ಹಿಡಿಯನ್ನು ಹಲವು ಸಲ ಬರಿದೇ ಆಡಿಸಿದರೆ ಗಾಳಿ ಹೋಗುತ್ತದೆ. ನಿಮ್ಮ ಯಂತ್ರದ ಪುಸ್ತಕ ಬೇರೆ ಕ್ರಮ ಹೇಳಿದ್ದರೆ ಅದೇ ಕ್ರಮ.

ಮನೆಯಲ್ಲೇ ಮಾಡಿ ನೋಡಿ

ಮಕ್ಕಳೇ, ಪಾಸ್ಕಲನ ಲೆಕ್ಕವನ್ನು ಅಡುಗೆಮನೆಯ ಮೇಜಿನ ಮೇಲೆ ನೋಡಬಹುದು. ಸೂಜಿಯಿಲ್ಲದ ಹೊಸ ಸಿರಿಂಜುಗಳು ಎರಡು ಬೇಕು, ಒಂದು 5 ಮಿಲಿಲೀಟರಿನದು, ಇನ್ನೊಂದು 20ರದು. ಅವುಗಳ ಮೂತಿಗೆ ಬಿಗಿಯಾಗಿ ಕೂರುವ ಒಂದು ಗೇಣು ಪ್ಲಾಸ್ಟಿಕ್ ಕೊಳವೆ. ಬಣ್ಣ ಬೆರೆಸಿದ ನೀರು. ಕೊಳವೆ ಮತ್ತು ಸಿರಿಂಜುಗಳಲ್ಲಿ ಗುಳ್ಳೆ ಇರದಂತೆ ನೀರು ತುಂಬಿ ಜೋಡಿಸಿ. ದೊಡ್ಡದರ ಹಿಡಿ ಪೂರ್ತಿ ಒಳಗಿರಲಿ, ಸಣ್ಣದು ತುಂಬಿರಲಿ.

ಸಣ್ಣದನ್ನು ನೀವು ಒತ್ತಿ, ದೊಡ್ಡದನ್ನು ತಾತ ಹೆಬ್ಬೆರಳಿನಿಂದ ತಡೆಯಲಿ. ಗೆಲ್ಲುವುದು ಯಾರು ನೋಡಿ! ಆಮೇಲೆ ಎರಡೂ ಹಿಡಿ ಎಷ್ಟೆಷ್ಟು ದೂರ ಹೋದವು ಎಂದು ಸ್ಕೇಲಿನಲ್ಲಿ ಅಳೆದು ಬರೆಯಿರಿ. ಕೊನೆಗೆ ಬೇಕೆಂದೇ ಸ್ವಲ್ಪ ಗಾಳಿ ಸೇರಿಸಿ ಮತ್ತೆ ಒತ್ತಿ. ಮೆತ್ತಗಾಗುತ್ತದೆ. ಮೇಸ್ತ್ರಿಗಳು ಗಾಳಿ ತೆಗೆಯುವುದು ಯಾಕೆಂದು ನಿಮ್ಮ ಬೆರಳಿಗೇ ತಿಳಿಯುತ್ತದೆ.

ತಾತಂದಿರಿಗೆ ಎರಡು ಮಾತು

ಬೇಸಿಗೆ ರಜೆ ಬಂದರೆ ಮೊಮ್ಮಗ ಮನೆಯವರ ಗ್ಯಾರೇಜಿಗೆ ಬರುತ್ತಾನೆ. ಕೆಲಸದ ಮೇಲೆ ಆಸಕ್ತಿ ಇರುವುದು ಒಳ್ಳೆಯದೇ. ನಿಂತು ನೋಡಲಿ, ಸ್ಪ್ಯಾನರಿನ ಅಳತೆಗಳನ್ನು ಕಲಿಯಲಿ, ನೋಟ್‌ಬುಕ್ಕಿನಲ್ಲಿ ತಾರೀಖು ಬರೆಯಲಿ. ಪ್ರೆಸ್ಸಿನ ಹಿಡಿ ಮಾತ್ರ ಅವನ ಕೈಗೆ ಬೇಡ. 14 ವರ್ಷದೊಳಗಿನ ಮಕ್ಕಳನ್ನು ಗ್ಯಾರೇಜಿನ ದುಡಿಮೆಗೆ ಹಚ್ಚುವುದನ್ನು ಕಾನೂನೇ ನಿಷೇಧಿಸಿದೆ. ಮುಂದೆ ಬೇಕೆಂದರೆ ಐ.ಟಿ.ಐ.ಗೆ ಸೇರಿ ಕ್ರಮವಾಗಿ ಕಲಿಯಬಹುದು.

ನಲವತ್ತು ವರ್ಷದಿಂದ ಕನ್ನಡಕ ಇಲ್ಲದೆ ಮಾಡಿದ್ದೀನಿ, ಏನೂ ಆಗಿಲ್ಲ ಎನ್ನುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರ ಕೈಗುಣ ದೊಡ್ಡದು. ಆದರೆ ಮಕ್ಕಳು ನಾವು ಹೇಳಿದ್ದನ್ನು ಮಾಡುವುದಿಲ್ಲ, ಮಾಡಿದ್ದನ್ನು ಮಾಡುತ್ತಾರೆ. ತಾತ ಕನ್ನಡಕ ಹಾಕಿಕೊಂಡರೆ ಮೊಮ್ಮಗ ಕೇಳದೆಯೇ ಹಾಕಿಕೊಳ್ಳುತ್ತಾನೆ.

ಸಂಜೆ ಶೆಡ್ಡಿನ ಷಟರ್ ಎಳೆಯುವ ಮೊದಲು ಒಂದು ಕೆಲಸ ಬಾಕಿ ಇರುತ್ತದೆ. ಪ್ರೆಸ್ಸಿನಲ್ಲಿ ಅರ್ಧ ಒತ್ತಿದ ವಸ್ತುವನ್ನು ನಾಳೆಗೆಂದು ಬಿಡಬಾರದು. ವಾಲ್ವನ್ನು ನಿಧಾನವಾಗಿ ತಿರುಗಿಸಿ ಒತ್ತಡ ಬಿಡಿ. ಗೇಜಿನ ಸೂಜಿ ಸೊನ್ನೆಗೆ ಬಂದದ್ದನ್ನು ಕಣ್ಣಾರೆ ನೋಡಿ, ನೋಟ್‌ಬುಕ್ಕಿನಲ್ಲಿ ಸಹಿ ಮಾಡಿ. ಹತ್ತೂ ಬೆರಳು ಮನೆಗೆ ಬಂದರೆ ಆ ದಿನದ ಲೆಕ್ಕ ಸರಿಹೋಯಿತು.